ಜಲಗಾರರ ಮರಿಗೆ

ಸೊರಬ ತಾಲೂಕಿನ ಕುಪ್ಪಗಡ್ಡೆಯಲ್ಲಿ ನಮ್ಮ ಸೋದರತ್ತೆಯ ಮನೆ. ಬಾಲ್ಯದಲ್ಲಿ ರಜೆ ಬಂತೆಂದರೆ ನಾವು ಹುಡುಗರೆಲ್ಲ ಅಲ್ಲಿಗೆ ಹೋಗುವುದು ವಾಡಿಕೆ. ಬೆಳಗಿನ ಹೊತ್ತು ಅತ್ತೆ ಹಿತ್ತಲ ಬಾಗಿಲಲ್ಲಿ ಕುಳಿತು ಅಕ್ಕಿ ಗಾಳಿಸುವುದನ್ನು ನಾನು ನೋಡುತ್ತಿದ್ದೆ. ಎದುರಿಗೆ ಎರಡು ಪಾತ್ರೆ. ಒಂದರಲ್ಲಿ ಅಕ್ಕಿ ಮತ್ತು ನೀರು. ಅತ್ತೆ ಪಾತ್ರೆಯನ್ನು ಓರೆಮಾಡಿ, ಮಣಿಕಟ್ಟನ್ನು ಆಡಿಸುತ್ತ, ಅಕ್ಕಿಯನ್ನು ನೀರಿನ ಜೊತೆಗೆ ಇನ್ನೊಂದು ಪಾತ್ರೆಗೆ ತೇಲಿಸಿ ಬಿಡುವರು. ಮತ್ತೆ ನೀರು, ಮತ್ತೆ ಓರೆ. ಕೊನೆಗೆ ತಳದಲ್ಲಿ ಒಂದು ಹಿಡಿ ಅಕ್ಕಿ, ಅದರ ಅಡಿಯಲ್ಲಿ ಕಲ್ಲು ಉಳಿಯುತ್ತಿದ್ದವು. “ಕಣ್ಣಿಗೆ ಕಾಣದ ಕಲ್ಲು ನಿಮಗೆ ಹೇಗೆ ಸಿಕ್ಕಿತು, ಅತ್ತೆ?” ಎಂದು ಕೇಳಿದರೆ, “ನಾನೆಲ್ಲಿ ಹುಡುಕಿದೆ ತಮ್ಮಾ, ನೀರೇ ಹುಡುಕಿ ಕೊಟ್ಟಿತು” ಎನ್ನುತ್ತಿದ್ದರು.

ಆ ಮಾತಿನ ಅರ್ಥ ನನಗೆ ಸರಿಯಾಗಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಚಿನ್ನದ ಗಣಿಗಳ ಚರಿತ್ರೆಯನ್ನು ಓದತೊಡಗಿದಾಗ. ಅಡಿಗೆಮನೆಯಲ್ಲಿ ಕಲ್ಲನ್ನು ಬಿಟ್ಟು ಅಕ್ಕಿಯನ್ನು ತೆಗೆದುಕೊಳ್ಳುತ್ತೇವೆ. ಚಿನ್ನ ತೊಳೆಯುವವನು ತೇಲಿ ಹೋಗುವುದನ್ನು ಬಿಟ್ಟು ತಳದಲ್ಲಿ ಉಳಿದದ್ದನ್ನು ತೆಗೆದುಕೊಳ್ಳುತ್ತಾನೆ. ಉಳಿದಂತೆ ಎರಡೂ ಒಂದೇ ಕೆಲಸ. ಹೊಳೆಯ ದಂಡೆಯ ಮರದ ಮರಿಗೆಯಿಂದ ಹಿಡಿದು ಇಂದಿನ ಭಾರಿ ಯಂತ್ರಗಳವರೆಗೆ ಚಿನ್ನವನ್ನು ಬೇರ್ಪಡಿಸುವ ಒಂದು ದೊಡ್ಡ ವಂಶವೇ ಈ ಗಾಳಿಸುವ ಕೈಚಳಕದಿಂದ ಹುಟ್ಟಿದೆ.

ಇದರ ಗುಟ್ಟು ಸರಳವಾದ ಲೆಕ್ಕ. ಅಕ್ಕಿ ತನ್ನಷ್ಟೇ ಗಾತ್ರದ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸಾಮಾನ್ಯ ಕಲ್ಲು ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಒಣಗಿದ್ದಾಗ ಈ ವ್ಯತ್ಯಾಸ ಎರಡರಷ್ಟೂ ಇಲ್ಲ. ಆದರೆ ನೀರಿನಲ್ಲಿ ಮುಳುಗಿದ ವಸ್ತು ತನ್ನ ಗಾತ್ರದ ನೀರಿನ ತೂಕವನ್ನು ಕಳೆದುಕೊಳ್ಳುತ್ತದೆ. ಎರಡರಿಂದಲೂ ಒಂದೊಂದನ್ನು ಕಳೆದರೆ ಅಕ್ಕಿಗೆ ಉಳಿಯುವುದು ಅರ್ಧ, ಕಲ್ಲಿಗೆ ಒಂದೂವರೆಗಿಂತ ಮೇಲೆ. ವ್ಯತ್ಯಾಸ ಒಮ್ಮೆಗೇ ಮೂರು ಪಟ್ಟಾಯಿತು. ಚಿನ್ನದ ವಿಷಯದಲ್ಲಿ ಇದು ಇನ್ನೂ ಸೋಜಿಗ. ಚಿನ್ನ ನೀರಿಗಿಂತ 19.3 ಪಟ್ಟು ಭಾರ. ಅದರ ಜೊತೆಗಿರುವ ಬಿಳಿಯ ಬೆಣಚುಕಲ್ಲು 2.65 ಪಟ್ಟು. ಗಾಳಿಯಲ್ಲಿ ಏಳು ಪಟ್ಟು ಇರುವ ಅಂತರ ನೀರಿನಲ್ಲಿ ಹನ್ನೊಂದು ಪಟ್ಟಾಗುತ್ತದೆ. ಆದ್ದರಿಂದಲೇ ಹೊಳೆ ತಾನಾಗಿಯೇ ಚಿನ್ನವನ್ನು ಆರಿಸಿ, ತಿರುವುಗಳಲ್ಲಿ, ಬಂಡೆಯ ಸಂದುಗಳಲ್ಲಿ, ಪ್ರವಾಹ ಮಂದವಾಗುವ ಕಡೆಗಳಲ್ಲಿ ಇಟ್ಟು ಹೋಗುತ್ತದೆ. ಮನುಷ್ಯ ಮಾಡಿದ್ದು ಹೊಳೆಯ ಕೆಲಸವನ್ನು ಮುಂದುವರಿಸುವುದಷ್ಟೆ.

ಈ ಕೆಲಸ ಮಾಡುತ್ತಿದ್ದವರಿಗೆ ಕನ್ನಡದಲ್ಲಿ ಒಂದು ಹಳೆಯ ಹೆಸರುಂಟು: ಜಲಗಾರರು. ಹೊಳೆಯ ಮರಳನ್ನೋ, ಅಕ್ಕಸಾಲಿಗರ ಅಂಗಡಿಯ ಮುಂದಿನ ಧೂಳನ್ನೋ ನೀರಿನಲ್ಲಿ ತೊಳೆದು ಚಿನ್ನದ ಕಣ ತೆಗೆಯುವವರು. ಕಸುಬು ಬಹು ಪ್ರಾಚೀನವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸರ್ಕಾರದ ಚಿನ್ನದ ಕಾರ್ಯಾಗಾರವನ್ನು ‘ಅಕ್ಷಶಾಲೆ’ ಎಂದು ಕರೆದಿದೆ; ನಮ್ಮ ‘ಅಕ್ಕಸಾಲೆ’ಗೆ ತೀರ ಹತ್ತಿರದ ಮಾತು. ಅಲ್ಲಿಗೆ ಬಂದು ಹೋಗುವ ಕೆಲಸಗಾರರ ಪಟ್ಟಿಯಲ್ಲಿ ‘ಪಾಂಸುಧಾವಕ’ರೂ, ಎಂದರೆ ಧೂಳು ತೊಳೆಯುವವರೂ, ಇದ್ದಾರೆ. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಅವರ ಬಟ್ಟೆಬರೆ, ಕೈ, ಮೈಯನ್ನು ಶೋಧಿಸಬೇಕೆಂದು ಅಲ್ಲಿಯ ಕಟ್ಟಳೆ. ಚಿನ್ನದ ಧೂಳು ತೊಳೆಯುವವನು ಚರಿತ್ರೆಯೊಳಕ್ಕೆ ಪ್ರವೇಶಿಸುವುದೇ ಹೀಗೆ, ಅನುಮಾನಕ್ಕೆ ಗುರಿಯಾದವನಾಗಿ.

ನಮ್ಮ ಸೊರಬ, ಶಿಕಾರಿಪುರ ಸೀಮೆಯಲ್ಲಿ ಶಾಸನಗಳಿಗೆ ಕೊರತೆಯಿಲ್ಲ. ಬನವಾಸಿ ನಾಡಿನ ರಾಜಧಾನಿಯಾಗಿದ್ದ ಬಳ್ಳಿಗಾವೆ ಇಲ್ಲಿಯೇ ಇದೆ. ಅಲ್ಲಿಯ ಕಲ್ಲುಗಳಲ್ಲಿ ದೇವರಿಗೆ, ಮಠಗಳಿಗೆ ಗದ್ಯಾಣಗಳ ಲೆಕ್ಕದಲ್ಲಿ ಬಿಟ್ಟ ದತ್ತಿಗಳನ್ನು ಓದಬಹುದು. ಗದ್ಯಾಣವೆಂದರೆ ಚಿನ್ನದ ನಾಣ್ಯ. ಗದಗಿನ ಬಳಿಯ ಲಕ್ಕುಂಡಿಯ ಟಂಕಸಾಲೆಯಲ್ಲಿ ಅಚ್ಚಾದ ‘ಲೊಕ್ಕಿಗದ್ಯಾಣ’ ಆ ಕಾಲದಲ್ಲಿ ಹೆಸರಾದದ್ದು. ದತ್ತಿ ಕೊಟ್ಟ ಅರಸ, ಪಡೆದ ಆಚಾರ್ಯ, ಬರೆದ ಕವಿ, ಕಂಡರಿಸಿದ ರೂವಾರಿ, ಇವರೆಲ್ಲರ ಹೆಸರುಗಳೂ ಶಾಸನಗಳಲ್ಲಿ ದೊರೆಯುತ್ತವೆ. ಆ ಚಿನ್ನವನ್ನು ಮರಳಿನಿಂದಲೋ ಕಲ್ಲಿನಿಂದಲೋ ಬಿಡಿಸಿದವರ ಹೆಸರನ್ನು ಯಾರು ಕೆತ್ತಿಸಿದರು? ಎಲ್ಲ ಚಿನ್ನವೂ ಈ ನಾಡಿನದೇ ಎಂದು ಹೇಳಲಾಗದು. ವ್ಯಾಪಾರದಿಂದ ಹೊರಗಿನ ಚಿನ್ನವೂ ಬಂದೀತು. ಆದರೆ ಈ ನೆಲದಲ್ಲಿಯೂ ಚಿನ್ನ ತೆಗೆಯುತ್ತಿದ್ದರೆಂಬುದಕ್ಕೆ ಸಾಕ್ಷಿ ಬೇಕಾದಷ್ಟಿದೆ.

ಸೊರಬದ ದಂಡಾವತಿ ಹೊಳೆ ವರದೆಯನ್ನು ಸೇರುತ್ತದೆ. ವರದೆ ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡುತ್ತದೆ. ಈ ತುಂಗಭದ್ರೆಯ ಆಸುಪಾಸಿನಲ್ಲಿಯೇ ಜಲಗಾರರ ಕಥೆಯ ಬಹುಭಾಗ ನಡೆದಿದೆ. ಹೊಳೆಯ ದಂಡೆಯ ಹೊನ್ನಾಳಿಯ ಹೆಸರಿನಲ್ಲಿಯೇ ಹೊನ್ನು ಕೇಳಿಸುತ್ತದೆ. ಬರಿಯ ಹೆಸರನ್ನು ನಂಬಿ ಚರಿತ್ರೆ ಬರೆಯಬಾರದು, ನಿಜ. ಆದರೆ ಹೊನ್ನಾಳಿ ಸೀಮೆಯಲ್ಲಿ ಹೆಸರಿಗೆ ತಕ್ಕ ವಸ್ತುವೂ ಇತ್ತು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಪಲವನಹಳ್ಳಿ, ಕುದುರೆಕೊಂಡಗಳ ಸುತ್ತ ಗಣಿ ತೋಡುವ ಪ್ರಯತ್ನಗಳು ನಡೆದವು. ಅವು ಕೋಲಾರದಂತೆ ಫಲಿಸಲಿಲ್ಲ.

ಗದಗಿನ ಕಡೆಯ ಕಪ್ಪತಗುಡ್ಡದ ಕಥೆ ಇನ್ನೂ ವಿವರವಾಗಿ ದೊರೆಯುತ್ತದೆ. ಆ ಗುಡ್ಡಸಾಲಿನಿಂದ ಇಳಿಯುವ ಸೊರಟೂರು, ಡೋಣಿ ಮೊದಲಾದ ಊರುಗಳ ಹಳ್ಳಗಳಲ್ಲಿ ಜಲಗಾರರು ಮರಳು ತೊಳೆಯುತ್ತಿದ್ದುದನ್ನು 1839ರ ಸುಮಾರಿಗೆ ಕ್ಯಾಪ್ಟನ್ ನ್ಯೂಬೋಲ್ಡ್ ವಿಚಾರಿಸಿ ಬರೆದಿಟ್ಟ. ಭಾರತದ ಭೂವಿಜ್ಞಾನ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಅದೇ ಗುಡ್ಡಗಳ ಚಿನ್ನದ ಶಿಲೆಗಳ ಮೇಲೆ 1874ರಲ್ಲಿ ಲೇಖನ ಪ್ರಕಟಿಸಿದ. ನಮ್ಮ ದೇಶದ ಶಿಲಾಯುಗದ ಆಯುಧಗಳನ್ನು ಮೊದಲು ಗುರುತಿಸಿದವನೂ ಈತನೇ. ಹಳ್ಳದ ಮರಳಿನಲ್ಲಿ ಏನಿದೆಯೆಂದು ತಿಳಿಯಲು ಅವನಿಗೂ ಜಲಗಾರನ ಕೈಯೇ ಬೇಕಾಯಿತು.

ಜಲಗಾರನ ಸಾಮಾನು ಎಷ್ಟೆಂದರೆ ಒಬ್ಬನೇ ಹೊತ್ತು ನಡೆಯುವಷ್ಟು. ಒಂದು ಕಡೆ ಬಾಯಿ ತೆರೆದಿರುವ ಹಗುರ ಮರದ ದೋಣಿ, ಮಣ್ಣು ಹೊರಲು ಬುಟ್ಟಿ, ಕೆದಕಲು ಕೋಲು, ನೀರೆತ್ತಲು ಒಣ ಸೋರೆಯ ಬುರುಡೆ, ಕೊನೆಯ ತೊಳೆತಕ್ಕೆ ಅಗಲವಾದ ಮರಿಗೆ. ಮಳೆ ಹೊಯ್ದು ಹಳ್ಳ ತುಂಬಿ ಹರಿದು ಇಳಿದ ಮೇಲೆ ಅವನ ಸುಗ್ಗಿ. ನೀರು ನಿಂತ ಗುಂಡಿಯ ಅಂಚಿನಲ್ಲಿ ದೋಣಿಯನ್ನು ಕಲ್ಲುಗಳ ಮೇಲೆ ಸ್ವಲ್ಪ ಇಳಿಜಾರಾಗಿ ಕೂರಿಸಿ, ತೆರೆದ ಬಾಯಿಯನ್ನು ಗುಂಡಿಯ ಕಡೆಗೆ ಇಡುವನು. ಬುಟ್ಟಿಗಟ್ಟಲೆ ಮರಳು ಸುರಿದು, ಬುರುಡೆಯಿಂದ ನೀರು ಹೊಯ್ಯುತ್ತ, ಕೋಲಿನಿಂದ ಕಲಕುತ್ತ, ದಪ್ಪ ಕಲ್ಲುಗಳನ್ನು ಕೈಯಿಂದ ಎಸೆಯುವನು. ಹಗುರವಾದದ್ದು ಹರಿದುಹೋಗಿ ಭಾರವಾದದ್ದು ದೋಣಿಯ ತಳ ಹಿಡಿಯುವುದು. ಅದನ್ನು ಮರಿಗೆಗೆ ತೆಗೆದು, ನೀರಿನಲ್ಲಿ ಸುತ್ತಿಸುತ್ತ ತೊಳೆದರೆ ಕೊನೆಗೆ ಉಳಿಯುವುದು ಒಂದು ಚಿಟಿಕೆ ಕಪ್ಪು ಮರಳು. ಅದು ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು, ನೀರಿಗಿಂತ ಐದು ಪಟ್ಟು ಭಾರ. ಆ ಕಪ್ಪಿನ ಅಂಚಿನಲ್ಲಿ, ದೃಷ್ಟ ಚೆನ್ನಾಗಿದ್ದರೆ, ಹಳದಿಯ ಒಂದು ಎಳೆ.

ಇಷ್ಟಾಗಿ ದಿನದ ದುಡಿಮೆಗೆ ಸಿಗುತ್ತಿದ್ದುದು ಗುಲಗಂಜಿಯಲ್ಲಿ ತೂಗುವಂಥದ್ದು. ಅದನ್ನು ಕೊಳ್ಳುವ ಚಿನಿವಾರ ಅದರಲ್ಲಿಯೂ ತನ್ನ ಪಾಲು ಹಿಡಿಯುತ್ತಿದ್ದ. ಆದ್ದರಿಂದ ಜಲಗಾರರು ಬಡವರಾಗಿಯೇ ಉಳಿದರು. ಫೂಟ್‌ನ ಕಾಲಕ್ಕಾಗಲೇ ಕಸುಬು ಹಿಡಿದ ಮನೆಗಳು ಕಡಮೆಯಾಗುತ್ತ ಬಂದಿದ್ದವು. ಹೊಳೆಯ ಚಿನ್ನ ಅರಳುವುದು ಗುಡ್ಡದ ಬೆಣಚುಕಲ್ಲಿನಿಂದ. ಹಳ್ಳದಲ್ಲಿ ಸಿಕ್ಕಿತೆಂದ ಮೇಲೆ ಅದರ ತಾಯಿ ಮೇಲೆಲ್ಲೋ ಇರಬೇಕಲ್ಲ? ಈ ಪ್ರಶ್ನೆ ಹಿಡಿದು ಮೇಲಕ್ಕೆ ಹತ್ತಿದವರು ಗಣಿಗಾರರಾದರು.

ಈ ಹತ್ತುವಿಕೆ ಬಹು ಹಿಂದೆಯೇ ನಡೆದಿತ್ತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಹೊಸಕಾಲದ ಗಣಿಗಾರರು ಇಳಿದು ನೋಡಿದಾಗ, ಹಿಂದಿನವರು 640 ಅಡಿ ಆಳದವರೆಗೆ ಕಲ್ಲು ತೆಗೆದಿದ್ದುದು ಕಂಡುಬಂದಿತು. ಅಲ್ಲಿ ದೊರೆತ ಆಸರೆಯ ಮರದ ತುಂಡನ್ನು ಇಂಗಾಲದ ವಿಧಾನದಿಂದ ಪರೀಕ್ಷಿಸಿದಾಗ ಅದರ ವಯಸ್ಸು ಸುಮಾರು 1,900 ವರ್ಷವೆಂದು ತಿಳಿಯಿತು. ಸಿಡಿಮದ್ದು ಇರಲಿಲ್ಲ, ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ಬಿರುಕು ಬಿಡಿಸಿ, ಒಡೆದು ತೆಗೆಯಬೇಕಾಗಿತ್ತು. ಮೇಲೆ ತಂದ ಕಲ್ಲನ್ನು ಹಿಟ್ಟುಮಾಡಿದ್ದು ಬಂಡೆಗಳ ಮೇಲೆ. ಹಟ್ಟಿ, ಮಸ್ಕಿಗಳ ಸುತ್ತ ಹಾಗೆ ಕುಟ್ಟಿ ಅರೆದು ಸವೆದ ಗುಳಿಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಕಲ್ಲಿನೊಳಗಿನ ಚಿನ್ನ ಬಿಡುಗಡೆಯಾಗದೆ ನೀರಿಗೆ ಅದನ್ನು ಹುಡುಕಲಾಗದು. ಆದ್ದರಿಂದ ತೊಳೆಯುವವನಿಗಿಂತ ಮುಂಚೆ ಕುಟ್ಟುವವನು ಬೇಕು. ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಕಂಡುಹಿಡಿದ ಬೀಡನ್ ಎಂಬವನು ಚಿನ್ನದ ಗಣಿಯ ಎಂಜಿನಿಯರ್ ಎಂಬುದನ್ನೂ ಇಲ್ಲಿ ನೆನೆಯಬಹುದು. ಚಿನ್ನ ಹುಡುಕಲು ಹೊರಟವನಿಗೆ ಅಶೋಕನ ಹೆಸರೇ ಸಿಕ್ಕಿತು.

ಕೋಲಾರದ ಕಥೆಯ ಮೊದಲ ಅಧ್ಯಾಯವೂ ತೊಳೆಯುವವರದೇ. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಮೈಸೂರಿನ ಮೂಡಣ ಗಡಿಯ ಮೋಜಣಿಗೆ ಬಂದ ಲೆಫ್ಟಿನೆಂಟ್ ಜಾನ್ ವಾರೆನ್‌ಗೆ 1802ರಲ್ಲಿ ಉರಿಗಾಂ ಸುತ್ತ ನೆಲದಲ್ಲಿ ಚಿನ್ನವಿದೆಯೆಂಬ ಮಾತು ಕಿವಿಗೆ ಬಿತ್ತು. ತೋರಿಸಿಕೊಟ್ಟವರಿಗೆ ಬಹುಮಾನವೆಂದು ಅವನು ಸಾರಿಸಿದ. ಹಳ್ಳಿಗರು ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು, ಅವನ ಕಣ್ಣೆದುರಿಗೇ ತೊಳೆದು, ಹಳದಿಯ ಕಣಗಳನ್ನು ತೋರಿಸಿದರು. ಮಾರಿಕುಪ್ಪದಲ್ಲಿ ಗಂಡಸರು ಇಕ್ಕಟ್ಟಾದ ಗುಂಡಿಗಳಲ್ಲಿ ಇಳಿದು ಕಲ್ಲು ತೆಗೆಯುತ್ತಿದ್ದರು. ಹೆಂಗಸರು ಅದನ್ನು ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು. ಚಿನ್ನವನ್ನು ‘ಕಂಡುಹಿಡಿದ’ವನೆಂದು ಪುಸ್ತಕಗಳಲ್ಲಿ ವಾರೆನ್‌ನ ಹೆಸರಿದೆ. ಅವನು ಕಂಡದ್ದು ಚಿನ್ನವನ್ನಲ್ಲ, ಚಿನ್ನ ತೆಗೆಯುತ್ತಿದ್ದ ಹೆಂಗಸರನ್ನು ಎಂದರೆ ತಪ್ಪಾಗದು.

ಆಮೇಲಿನ ಸಂಗತಿಗಳನ್ನು ಅನೇಕರು ಬಲ್ಲರು. 1873ರಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ ಲಾವೆಲ್. 1880ರಲ್ಲಿ ಹುಟ್ಟಿದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ. ಜಾನ್ ಟೇಲರ್ ಅಂಡ್ ಸನ್ಸ್ ಅವರ ಆಡಳಿತ. ಬಂಡವಾಳವೆಲ್ಲ ಕರಗುತ್ತಿದ್ದಾಗ ದೊರೆತ ಚಾಂಪಿಯನ್ ನಾಳ. 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು. ನಮ್ಮ ಇಂದಿನ ವಿಷಯಕ್ಕೆ ಬೇಕಾದದ್ದು ಗಣಿಯ ಬಾಯಿಯ ಹೊರಗಿನ ಮಿಲ್ಲಿನಲ್ಲಿ ನಡೆಯುತ್ತಿದ್ದ ಕೆಲಸ.

ಅಲ್ಲಿ ಕುಟ್ಟುವ ಹೆಂಗಸಿನ ಜಾಗದಲ್ಲಿ ಸ್ಟಾಂಪ್ ಎಂಬ ಕಬ್ಬಿಣದ ಒನಕೆಗಳು ಸಾಲಾಗಿ ನಿಂತವು. ಯಂತ್ರ ಅವುಗಳನ್ನು ಎತ್ತಿ ಬಿಡುತ್ತಿತ್ತು. ಅವು ತಮ್ಮ ಭಾರದಿಂದಲೇ ಬಿದ್ದು ಕಲ್ಲನ್ನು ನೀರಿನೊಡನೆ ಅರೆದು ಕೆಸರು ಮಾಡುತ್ತಿದ್ದವು. ಆ ಕೆಸರು ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಯುವಾಗ ಚಿನ್ನ ಪಾದರಸವನ್ನು ಕಚ್ಚಿಕೊಳ್ಳುತ್ತಿತ್ತು. ಅಲ್ಲಿಂದಲೂ ತಪ್ಪಿಸಿಕೊಂಡ ಭಾರದ ಕಣಗಳಿಗಾಗಿ ಇಳಿಜಾರಾದ ಹಲಗೆಗಳ ಮೇಲೆ ಒರಟು ಕಂಬಳಿ ಹಾಸಿರುತ್ತಿದ್ದರು. ಕೆಸರು ಅದರ ಮೇಲೆ ತೆಳುವಾಗಿ ಹರಿದರೆ ಹಗುರ ಮರಳು ಮುಂದೆ ಸಾಗುವುದು, ಭಾರದ ಕಣ ಉಣ್ಣೆಯ ಎಳೆಗಳಲ್ಲಿ ಸಿಕ್ಕುವುದು. ಹೊತ್ತು ಹೊತ್ತಿಗೆ ಕಂಬಳಿ ಎತ್ತಿ ತೊಟ್ಟಿಯಲ್ಲಿ ಜಾಲಿಸಿದರೆ ಗಟ್ಟಿ ಫಸಲು ದೊರೆಯುತ್ತಿತ್ತು.

ಈ ಕಂಬಳಿಯೂ ಹೊಸತಲ್ಲ. ಕಪ್ಪು ಸಮುದ್ರದ ತೀರದ ಕೋಲ್ಕಿಸ್ ದೇಶದ ಜನ ಹೊಳೆಗಳಲ್ಲಿ ಕುರಿಯ ಚರ್ಮ ಹಾಸಿ ಚಿನ್ನ ಹಿಡಿಯುತ್ತಿದ್ದರೆಂದು ಗ್ರೀಕ್ ಭೂಗೋಳಜ್ಞ ಸ್ಟ್ರಾಬೋ ಸುಮಾರು 2,000 ವರ್ಷಗಳ ಹಿಂದೆ ಬರೆದಿದ್ದಾನೆ. ಬಂಗಾರದ ಕುರಿದೊಗಲನ್ನು ಅರಸಿ ಹೊರಟ ವೀರರ ಗ್ರೀಕ್ ಪುರಾಣಕಥೆಗೆ ಮೂಲ ಇದೇ ಎಂದೂ ಅವನು ಸೂಚಿಸುತ್ತಾನೆ. 1556ರಲ್ಲಿ ಅಚ್ಚಾದ ಜರ್ಮನಿಯ ಅಗ್ರಿಕೋಲನ ಗಣಿಗ್ರಂಥದಲ್ಲಿ ಬಟ್ಟೆ ಹಾಸಿದ ಇಂಥ ಹಲಗೆಗಳ ಚಿತ್ರಗಳಿವೆ. ಪುರಾಣದ ಕುರಿದೊಗಲು ಕೋಲಾರದ ಮಿಲ್ಲಿನಲ್ಲಿ ಕಂಬಳಿಯಾಗಿ ಬಂದು ಕುಳಿತಿತು.

ಉಳಿದ ಉಪಕರಣಗಳನ್ನೂ ಮನೆಯ ಸಾಮಾನಿನಿಂದಲೇ ತಿಳಿಯಬಹುದು. ಜರಡಿಯನ್ನು ನೀರಿನಲ್ಲಿ ಅದ್ದಿ ಮೇಲೆ ಕೆಳಗೆ ಆಡಿಸಿದರೆ ಭಾರದ ಕಾಳು ಅಡಿಗೆ, ಹಗುರ ಕಾಳು ಮೇಲಕ್ಕೆ ಪದರವಾಗುತ್ತವೆ. ‘ಜಿಗ್’ ಎಂಬ ಯಂತ್ರ ಇದನ್ನೇ ಬಿಡುವಿಲ್ಲದೆ ಮಾಡುತ್ತದೆ. ಮೊರದಲ್ಲಿ ಕೇರುವಾಗ ಕೈ ಕೊಡುವ ಒಂದು ಜರ್ಕನ್ನು ನೆನೆಯಿರಿ: ನುಚ್ಚು ಒಂದು ಕಡೆ, ಕಾಳು ಒಂದು ಕಡೆ, ಹೊಟ್ಟು ಹೊರಗೆ. ಅಮೆರಿಕದ ಕೊಲರಾಡೋದ ಆರ್ಥರ್ ವಿಲ್‌ಫ್ಲಿ 1890ರ ದಶಕದಲ್ಲಿ ಮಾಡಿದ ಅಲುಗುವ ಮೇಜು ಅಂಥದೇ. ಅದರ ಮೈಮೇಲೆ ಸಣ್ಣ ಪಟ್ಟಿಗಳ ಸಾಲು; ಅಡ್ಡಲಾಗಿ ನೀರಿನ ತೆಳು ಹರಿವು; ಉದ್ದಕ್ಕೆ ಎಡೆಬಿಡದ ಜರ್ಕು. ಚಿನ್ನ ಪಟ್ಟಿಗಳ ಹಿಂದೆ ಅಡಗಿ ಮೇಜಿನ ತುದಿಗೆ ಸಾಗುತ್ತದೆ, ಮರಳು ನೀರಿನೊಡನೆ ಬದಿಗೆ ಹೋಗುತ್ತದೆ. ಕೆನಡಾದ ಬೈರನ್ ನೆಲ್ಸನ್ 1980ರ ಸುಮಾರಿಗೆ ಬಳಕೆಗೆ ತಂದದ್ದು ವೇಗವಾಗಿ ತಿರುಗುವ ಬೋಗುಣಿ. ಅದರೊಳಗೆ ಕಣಗಳ ಮೇಲೆ ಬೀಳುವ ಸೆಳೆತ ಭೂಮಿಯ ಸೆಳೆತದ 60 ಪಟ್ಟು. ಮರಿಗೆಯಲ್ಲಿ ಜಲಗಾರ ಕೈಯಿಂದ ಸುತ್ತಿಸಿದ್ದನ್ನು ಅದು ಅರವತ್ತು ಪಟ್ಟು ಬಿರುಸಿನಿಂದ ಸುತ್ತಿಸುತ್ತದೆ.

ಹಾಗಾದರೆ ನೀರೊಂದೇ ಏಕೆ ಸಾಲಲಿಲ್ಲ? ಚಿನ್ನ ಬಹಳ ನುಣ್ಣಗಾದರೆ ತನ್ನ ಭಾರದ ಗುಣವನ್ನು ತೋರಿಸಲಾರದು. ಚಪ್ಪಟೆಯಾದ ತೆಳು ಚೂರು ನೀರಿನ ಮೇಲ್ಮೈಯಲ್ಲಿ ತೇಲಿಯೂ ಹೋಗುತ್ತದೆ. ಇನ್ನು ಕೆಲವು ಅದಿರಿನಲ್ಲಿ ಚಿನ್ನ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಇತರ ಖನಿಜಗಳೊಳಗೆ ಅಡಗಿರುತ್ತದೆ. ಆ ಪಾಲನ್ನು ಹಿಡಿಯಲು 1887ರಲ್ಲಿ ಗ್ಲಾಸ್ಗೋದ ಮ್ಯಾಕಾರ್ಥರ್ ಮತ್ತು ಫಾರೆಸ್ಟ್ ಸಹೋದರರು ಸಯನೈಡಿನ ವಿಧಾನವನ್ನು ತಂದರು. ಕೋಲಾರದಲ್ಲಿಯೂ ಅದು ನೆಲೆಯೂರಿತು. ಅದರ ಕುರುಹಾಗಿ ನಿಂತಿವೆ ಕೆ.ಜಿ.ಎಫ್.ನ ಸಯನೈಡ್ ದಿಬ್ಬಗಳು. ಪಾದರಸದ ಕಥೆ ಬೇರೆ. ಚಿನ್ನ ಕಚ್ಚಿದ ಪಾದರಸವನ್ನು ಕಾಯಿಸಿ ಹಾರಿಸುವಾಗ ಅದರ ಹೊಗೆ ಕುಡಿದವರ ನರಗಳನ್ನು ಕೆಡಿಸುತ್ತದೆ. ಹೊಳೆಗೆ ಬಿದ್ದರೆ ಮೀನಿನ ಮೂಲಕ ಮನುಷ್ಯನಿಗೆ ಮರಳುತ್ತದೆ. 2013ರ ಮಿನಮಾಟ ಒಪ್ಪಂದದಲ್ಲಿ ಸಣ್ಣ ಪ್ರಮಾಣದ ಚಿನ್ನಗಾರಿಕೆಯಲ್ಲಿ ಪಾದರಸವನ್ನು ತಗ್ಗಿಸಬೇಕೆಂದು ರಾಷ್ಟ್ರಗಳು ಒಪ್ಪಿದವು. ಭಾರತವೂ 2018ರಲ್ಲಿ ಸೇರಿತು. ಹೀಗಾಗಿ ಬರಿಯ ನೀರು ಮತ್ತು ಭಾರವನ್ನು ನಂಬಿದ ಹಳೆಯ ವಿದ್ಯೆಗೆ ಈಗ ಹೊಸ ಮರ್ಯಾದೆ ಬಂದಿದೆ.

ಕೋಲಾರದ ಗಣಿಗಳು 1956ರಲ್ಲಿ ಮೈಸೂರು ರಾಜ್ಯದ ಸ್ವತ್ತಾದವು. ಮುಂದೆ ಕೇಂದ್ರ ಸರ್ಕಾರದ ಕೈಸೇರಿದವು. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಕೊಟ್ಟು, ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕೆ ಇಳಿದು, 2001ರ ಫೆಬ್ರವರಿ 28ರಂದು ಅವು ಮುಚ್ಚಿದವು. ಹಟ್ಟಿಯ ಗಣಿ ಮಾತ್ರ ರಾಜ್ಯ ಸರ್ಕಾರದ ಕಂಪನಿಯಾಗಿ ನಡೆಯುತ್ತಿದೆ. ಕೆ.ಜಿ.ಎಫ್.ನ ದಿಬ್ಬಗಳಲ್ಲಿ ಹಿಂದಿನವರ ಕೈತಪ್ಪಿ ಉಳಿದ ಚಿನ್ನವನ್ನು ಮತ್ತೆ ತೆಗೆಯುವ ಯೋಜನೆಗೆ 2024ರಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಧೂಳನ್ನು ಎರಡನೆಯ ಸಲ ತೊಳೆಯುವುದು! ಇದಕ್ಕಿಂತ ಜಲಗಾರಿಕೆ ಬೇರೆ ಯಾವುದು?

ಜಲಗಾರ ಎಂಬ ಮಾತು ಮಾತ್ರ ಬೇರೊಂದು ದಾರಿ ಹಿಡಿಯಿತು. ಧೂಳು ಗುಡಿಸಿ ತೊಳೆದು ಚಿನ್ನ ಹೆಕ್ಕುವವನಿಗೆ ಇದ್ದ ಹೆಸರು ಬರಬರುತ್ತ ಬರಿಯ ಬೀದಿ ಗುಡಿಸುವವನಿಗೆ ನಿಂತಿತು. ಚಿನ್ನ ಹೋಯಿತು, ಧೂಳು ಉಳಿಯಿತು. ನಮ್ಮ ಶಿವಮೊಗ್ಗ ಜಿಲ್ಲೆಯವರೇ ಆದ ಕುವೆಂಪು ಅವರು ‘ಜಲಗಾರ’ ಎಂಬ ನಾಟಕ ಬರೆದಾಗ ಅವರ ಕಣ್ಣಮುಂದೆ ಇದ್ದವನು ಈ ಎರಡನೆಯ ಜಲಗಾರ. ಗುಡಿಯ ಜಾತ್ರೆಗೆ ಹೋಗದೆ ತನ್ನ ಕೆಲಸದಲ್ಲಿ ನಿಂತ ಅವನನ್ನು ಹುಡುಕಿಕೊಂಡು ಶಿವನೇ ಬರುತ್ತಾನೆ. ಒಂದು ಮಾತಿಗೆ ಕಳೆದುಹೋಗಿದ್ದ ಗೌರವವನ್ನು ಕವಿಯೊಬ್ಬರು ಹಾಗೆ ಹಿಂದಕ್ಕೆ ಕೊಟ್ಟರು. ಮೊದಲನೆಯ ಜಲಗಾರನಿಗೆ ಆ ಭಾಗ್ಯ ಇನ್ನೂ ಬರಬೇಕಾಗಿದೆ. ಕಪ್ಪತಗುಡ್ಡದ ಹಳ್ಳದ ದಂಡೆಯಲ್ಲಿ ಸೋರೆಬುರುಡೆ ಹಿಡಿದು ಕುಳಿತವನ ಹೆಸರು ಫೂಟ್‌ನ ವರದಿಯ ಮೂಲಕ ನಮ್ಮೆಲ್ಲರ ಬಾಯಿಗೆ ಬಂದಿಲ್ಲ. ಮಾರಿಕುಪ್ಪದಲ್ಲಿ ಕಲ್ಲು ಕುಟ್ಟಿದ ಹೆಂಗಸರದೂ ಇಲ್ಲ.

ಈಗ ಅಂಗಡಿಯಲ್ಲಿ ದೊರೆಯುವ ಅಕ್ಕಿಯಲ್ಲಿ ಕಲ್ಲಿರುವುದಿಲ್ಲ. ಅಕ್ಕಿ ಗಿರಣಿಯ ಒಂದು ಯಂತ್ರ, ಕೆಳಗಿನಿಂದ ಗಾಳಿ ಊದುತ್ತ, ಇಳಿಜಾರು ತಟ್ಟೆಯನ್ನು ಅಲುಗಿಸುತ್ತ, ಕಲ್ಲನ್ನು ಬೇರೆ ಮಾಡಿ ಕಳಿಸುತ್ತದೆ. ಕುಪ್ಪಗಡ್ಡೆಯ ಅತ್ತೆಯ ಮನೆಯಲ್ಲಿಯೂ ಈಗ ಯಾರೂ ಅಕ್ಕಿ ಗಾಳಿಸುವುದಿಲ್ಲ. ಆದರೆ ಹಿಂದಿನ ವರ್ಷ ಅಲ್ಲಿಗೆ ಹೋಗಿದ್ದಾಗ ಅತ್ತೆಯ ಸೊಸೆ ಮನೆಯ ಗದ್ದೆಯ ಅಕ್ಕಿಯನ್ನು ತೊಳೆಯಲು ಕುಳಿತಿದ್ದರು. ಕಲ್ಲಿರಲಿಲ್ಲ, ಆದರೂ ಪಾತ್ರೆಯನ್ನು ಓರೆಮಾಡಿ, ಮಣಿಕಟ್ಟನ್ನು ಒಮ್ಮೆ ಆಡಿಸಿ, ತಳವನ್ನು ನೋಡಿಯೇ ನೀರು ಚೆಲ್ಲಿದರು. ಏನನ್ನು ನೋಡಿದಿರೆಂದು ಕೇಳಿದೆ. “ಏನೂ ಇಲ್ಲ, ಅಭ್ಯಾಸ” ಎಂದು ನಕ್ಕರು.